ವಲಸೆಯ ಅಳತೆಗೆ ಸಾಮಾಜಿಕ ಜಾಲತಾಣ: ಮೈಸೂರಿನ ಸಣ್ಣ ಉದ್ಯಮಿಗೆ ಅದರ ಉಪಯೋಗ ಮತ್ತು ಮಿತಿ

ಕಚ್ಚಾ ಸಾಮಗ್ರಿ, ಬಂಡವಾಳ, ವಿದ್ಯುತ್ತು ಮತ್ತು ದುಡಿಯುವ ಕೈಗಳು ಯಾವುದೇ ಕಾರ್ಖಾನೆಗೆ ಬೇಕಾದ ನಾಲ್ಕು ಆಧಾರಗಳು. ಮೊದಲ ಮೂರರ ಲೆಕ್ಕವು ಮಾಲೀಕನ ಮೇಜಿನ ಮೇಲೆಯೇ ದೊರೆಯುತ್ತದೆ. ದಾಸ್ತಾನು ಪುಸ್ತಕ, ಬ್ಯಾಂಕಿನ ಪಾಸ್ ಪುಸ್ತಕ ಮತ್ತು ವಿದ್ಯುತ್ ಬಿಲ್ಲು ಅದನ್ನು ಹೇಳುತ್ತವೆ. ನಾಲ್ಕನೆಯದರ ಲೆಕ್ಕ ಮಾತ್ರ ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಹಬ್ಬಕ್ಕೆಂದು ಊರಿಗೆ ಹೋದವರಲ್ಲಿ ಎಷ್ಟು ಮಂದಿ ಮರಳುತ್ತಾರೆ, ಮುಂದಿನ ತಿಂಗಳು ಎರಡನೆಯ ಪಾಳಿ ನಡೆಸುವಷ್ಟು ಜನ ಇರುತ್ತಾರೆಯೇ ಎಂಬುದು ಇಂದಿಗೂ ಬಹುಮಟ್ಟಿಗೆ ಮೇಸ್ತ್ರಿಯ ಬಾಯಿಮಾತನ್ನೇ ಅವಲಂಬಿಸಿದೆ. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಬೆಳವಾಡಿ, ಕಡಕೊಳ, ತಾಂಡ್ಯ ಮತ್ತು ನಂಜನಗೂಡಿನ ಕೈಗಾರಿಕಾ ಪ್ರದೇಶಗಳಲ್ಲಿ ಘಟಕ ನಡೆಸುವವರಿಗೆ ಈ ಅನಿಶ್ಚಿತತೆಯ ಬೆಲೆ ಚೆನ್ನಾಗಿ ಗೊತ್ತು. ಒಪ್ಪಿಕೊಂಡ ಆರ್ಡರು ತಡವಾದರೆ ಹಣ ತಡವಾಗುತ್ತದೆ, ಗಿರಾಕಿ ಕೈತಪ್ಪುತ್ತಾನೆ.

ಜನರ ಸಂಚಾರವನ್ನು ಸಾಮಾಜಿಕ ಜಾಲತಾಣಗಳ ದತ್ತಾಂಶದಿಂದ ಅಳೆಯುವ ಪ್ರಯತ್ನವು ಜನಸಂಖ್ಯಾಶಾಸ್ತ್ರದಲ್ಲಿ ಈಗ ಒಂದು ದಶಕಕ್ಕೂ ಹಳೆಯದು. ಈ ವಿಧಾನವು ವಲಸೆಯ ದಿಕ್ಕನ್ನೂ ವೇಗವನ್ನೂ ಬೇಗ ತೋರಿಸಬಲ್ಲದು; ಆದರೆ ಒಟ್ಟು ಸಂಖ್ಯೆಯನ್ನು ನಂಬಿಕೆಗೆ ಅರ್ಹವಾಗಿ ಹೇಳಲಾರದು. ಸಣ್ಣ ಉದ್ಯಮಿಯು ಅದನ್ನು ತನ್ನ ಹಾಜರಿ ಪುಸ್ತಕದ ಜೊತೆಗಿಟ್ಟು ಓದಿದಾಗ ಮಾತ್ರ ಅದರಿಂದ ಪ್ರಯೋಜನವಿದೆ. ಈ ಮಾತನ್ನು ಮೈಸೂರಿನ ಪರಿಸ್ಥಿತಿಗೆ ಅನ್ವಯಿಸಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಳೆಯ ಎಣಿಕೆ ಮತ್ತು ಅದರ ವಿಳಂಬ

ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧ ಜನಗಣತಿ ಆರಂಭವಾದದ್ದು 1871ರಲ್ಲಿ. ಮನೆ ಮನೆಗೆ ಹೋಗಿ ಎಣಿಸುವ ಆ ಪದ್ಧತಿಗೆ ಸಮನಾದುದು ಇಂದಿಗೂ ಇಲ್ಲ. ಆದರೆ ಅದರ ಫಲ ಕೈಸೇರುವುದು ನಿಧಾನ. 2011ರ ಜನಗಣತಿಯ ಪ್ರಕಾರ ಮೈಸೂರು ಜಿಲ್ಲೆಯ ಜನಸಂಖ್ಯೆ 30.01 ಲಕ್ಷ. ದೇಶದಲ್ಲಿ ಹಿಂದಿನ ವಾಸಸ್ಥಳವನ್ನು ಬಿಟ್ಟು ಬಂದವರ ಸಂಖ್ಯೆ ಸುಮಾರು 45 ಕೋಟಿ. ಈ ವಲಸೆ ಕೋಷ್ಟಕಗಳು ಪೂರ್ಣವಾಗಿ ಪ್ರಕಟವಾಗುವ ವೇಳೆಗೆ 2019 ಬಂದಿತ್ತು. 2021ರ ಜನಗಣತಿಯು ಕೋವಿಡ್ ಕಾರಣದಿಂದ ನಡೆಯಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನಾಂಕವೆಂದು 2025ರ ಜೂನ್ ತಿಂಗಳಲ್ಲಿ ಅಧಿಸೂಚನೆ ಹೊರಟಿತು.

ವಿಳಂಬದ ಜೊತೆಗೆ ವ್ಯಾಖ್ಯೆಯ ಪ್ರಶ್ನೆಯೂ ಇದೆ. ಮದುವೆಯಾಗಿ ತವರು ಬಿಟ್ಟ ಹೆಣ್ಣುಮಗಳೂ ಗಣತಿಯ ಲೆಕ್ಕದಲ್ಲಿ ವಲಸೆಗಾರಳೇ. 2020-21ರ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ವಲಸೆ ಪ್ರಮಾಣವು ಒಟ್ಟಾರೆ ಶೇ. 28.9 ಇದ್ದರೆ, ಗಂಡಸರಲ್ಲಿ ಶೇ. 10.7 ಮತ್ತು ಹೆಂಗಸರಲ್ಲಿ ಶೇ. 47.9 ಇತ್ತು. ಹೆಂಗಸರ ವಲಸೆಗೆ ಬಹುಪಾಲು ಕಾರಣ ಮದುವೆ. ಆದ್ದರಿಂದ ‘ಇಷ್ಟು ಕೋಟಿ ವಲಸೆಗಾರರು’ ಎಂಬ ಅಂಕಿಯನ್ನು ಕಂಡ ಉದ್ಯಮಿಯು ಅದನ್ನು ‘ಇಷ್ಟು ಕೋಟಿ ಕಾರ್ಮಿಕರು’ ಎಂದು ಓದಬಾರದು. ಇನ್ನೊಂದು ಕಡೆ, ನಾಲ್ಕು ತಿಂಗಳು ಕಟ್ಟಡ ಕೆಲಸಕ್ಕೆ ಬಂದು ಬಿತ್ತನೆಯ ಹೊತ್ತಿಗೆ ಊರಿಗೆ ಮರಳುವವನು ಇಂತಹ ಎಣಿಕೆಯಿಂದ ಸುಲಭವಾಗಿ ಜಾರಿಹೋಗುತ್ತಾನೆ. ಕೈಗಾರಿಕೆಗೆ ಬೇಕಾದ ಲೆಕ್ಕ ಅವನದೇ.

ರೈಲು ಟಿಕೆಟಿನಿಂದ ಜಾಲತಾಣದವರೆಗೆ

ಈ ಕೊರತೆಯನ್ನು ತುಂಬಲು ಬೇರೆ ಉದ್ದೇಶಕ್ಕಾಗಿ ಸಂಗ್ರಹವಾದ ದತ್ತಾಂಶವನ್ನು ಬಳಸುವ ಪದ್ಧತಿ ಬಂದಿತು. ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆಯು ರೈಲ್ವೆಯ ಕಾಯ್ದಿರಿಸದ ಟಿಕೆಟುಗಳ ಲೆಕ್ಕವನ್ನು ಆಧರಿಸಿ, 2011ರಿಂದ 2016ರ ಅವಧಿಯಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಮಂದಿ ರಾಜ್ಯದಿಂದ ರಾಜ್ಯಕ್ಕೆ ವಲಸೆ ಹೋಗುತ್ತಿದ್ದರೆಂದು ಅಂದಾಜು ಮಾಡಿತು. ಪ್ರಧಾನ ಮಂತ್ರಿಯವರ ಆರ್ಥಿಕ ಸಲಹಾ ಮಂಡಳಿಯ ಬಿಬೇಕ್ ದೇಬ್‌ರಾಯ್ ಮತ್ತು ದೇವಿಪ್ರಸಾದ್ ಮಿಶ್ರಾ ಅವರ ಪ್ರಬಂಧವು 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಅದು ರೈಲು ಟಿಕೆಟುಗಳ ಜೊತೆಗೆ ಮೊಬೈಲ್ ರೋಮಿಂಗ್ ಮತ್ತು ಬ್ಯಾಂಕುಗಳ ಮೂಲಕ ಹಣ ರವಾನೆಯ ಅಂಕಿ ಅಂಶಗಳನ್ನೂ ಪರಿಶೀಲಿಸಿ, 2023ರಲ್ಲಿ ದೇಶದ ಒಟ್ಟು ವಲಸೆಗಾರರು ಸುಮಾರು 40.2 ಕೋಟಿ, ಅಂದರೆ 2011ಕ್ಕಿಂತ ಕಡಿಮೆ ಎಂದಿತು. ಮೊದಲ ವರದಿ ವಲಸೆ ಏರುತ್ತಿದೆ ಎಂದರೆ ಎರಡನೆಯದು ಇಳಿದಿದೆ ಎಂದಿತು. ಎರಡೂ ರೈಲು ಟಿಕೆಟನ್ನೇ ಬಳಸಿವೆ. ಆದರೆ ಮೊದಲನೆಯದು ಅಳೆದದ್ದು ವರ್ಷಂಪ್ರತಿಯ ಹರಿವನ್ನು. ಎರಡನೆಯದು ಒಟ್ಟು ಸಂಗ್ರಹವನ್ನು. ಕೆರೆಗೆ ಬರುವ ನೀರೂ ಕೆರೆಯಲ್ಲಿರುವ ನೀರೂ ಒಂದೇ ಅಲ್ಲ. ಯಾವುದೇ ಹೊಸ ದತ್ತಾಂಶವನ್ನು ಓದುವ ಮುನ್ನ, ಅದು ಅಳೆಯುತ್ತಿರುವುದು ಏನನ್ನು ಎಂದು ಕೇಳಬೇಕು.

ಸಾಮಾಜಿಕ ಜಾಲತಾಣಗಳ ಬಳಕೆಯೂ ಇದೇ ದಾರಿಯ ಮುಂದಿನ ಹೆಜ್ಜೆ. ಇಲ್ಲಿ ಮೂರು ಬಗೆಯ ಮೂಲಗಳಿವೆ.

ಮೊದಲನೆಯದು, ಬಳಕೆದಾರನು ತಾನೇ ಬರೆದುಕೊಂಡ ವಿವರ. ಫೇಸ್‌ಬುಕ್ಕಿನಲ್ಲಿ ‘ತವರೂರು’ ಮತ್ತು ‘ಈಗಿನ ಊರು’ ಎಂಬ ಎರಡು ಅಂಕಣಗಳಿವೆ. ಇವುಗಳನ್ನು ಹೋಲಿಸಿ, ಒಂದೇ ಊರಿನ ಜನರು ಗುಂಪಾಗಿ ಒಂದೇ ನಗರಕ್ಕೆ ಹೋಗಿ ನೆಲೆಸುವ ರೀತಿಯನ್ನು ಆ ಕಂಪನಿಯ ಸಂಶೋಧಕರು 2013ರಲ್ಲಿ ಗುರುತಿಸಿದರು. ಅಣ್ಣ ಬಂದ ಕಾರ್ಖಾನೆಗೆ ತಮ್ಮ, ತಮ್ಮನ ಹಿಂದೆ ನೆರೆಮನೆಯ ಹುಡುಗ ಬರುವುದನ್ನು ಕಂಡಿರುವ ಉದ್ಯಮಿಗೆ ಇದು ಹೊಸ ಸಂಗತಿಯಲ್ಲ. ಲಿಂಕ್ಡ್‌ಇನ್‌ನಲ್ಲಿ ವೃತ್ತಿ, ವಿದ್ಯೆ ಮತ್ತು ಹಿಂದಿನ ಉದ್ಯೋಗಗಳ ವಿವರ ಇರುವುದರಿಂದ, ವಿಶ್ವ ಬ್ಯಾಂಕು ಆ ಸಂಸ್ಥೆಯೊಡನೆ ಸೇರಿ ನೂರಕ್ಕೂ ಹೆಚ್ಚು ದೇಶಗಳ ನುರಿತ ಉದ್ಯೋಗಿಗಳ ಸಂಚಾರವನ್ನು ಲೆಕ್ಕ ಹಾಕಿತು.

ಎರಡನೆಯದು, ಜಾಹೀರಾತು ಸಾಧನ. ಜಾಹೀರಾತು ಕೊಡಲು ಹೊರಟವನಿಗೆ, ಇಂತಹ ಪ್ರದೇಶದಲ್ಲಿ ಇಂತಹ ವಯಸ್ಸಿನ, ಇಂತಹ ಭಾಷೆ ಬಳಸುವ ಎಷ್ಟು ಮಂದಿಗೆ ಅದು ತಲುಪಬಹುದು ಎಂದು ಜಾಲತಾಣವೇ ಅಂದಾಜು ತೋರಿಸುತ್ತದೆ. ಹಣ ಕೊಡುವ ಮುನ್ನವೇ ಕಾಣುವ ಈ ಅಂದಾಜನ್ನು ವಲಸೆಯ ಅಳತೆಗೆ ಬಳಸಬಹುದೆಂದು ಎಮಿಲಿಯೊ ಝಗೇನಿ, ಇಂಗ್ಮಾರ್ ವೆಬರ್ ಮತ್ತು ಕೃಷ್ಣ ಗುಮ್ಮಡಿ ಅವರು 2017ರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಮರಿಯಾ ಚಂಡಮಾರುತವು ಪೋರ್ಟೊರಿಕೊ ದ್ವೀಪವನ್ನು ಧ್ವಂಸ ಮಾಡಿದಾಗ, ಅಲ್ಲಿಂದ ಅಮೆರಿಕದ ಮುಖ್ಯ ಭೂಭಾಗಕ್ಕೆ ಬಂದವರ ಸಂಖ್ಯೆ ಅಕ್ಟೋಬರ್‌ನಿಂದ 2018ರ ಜನವರಿಯೊಳಗೆ ಸುಮಾರು ಶೇ. 17ರಷ್ಟು ಏರಿತೆಂದು ಇದೇ ವಿಧಾನದಿಂದ ಅಂದಾಜು ಮಾಡಲಾಯಿತು.

ಮೂರನೆಯದು, ಫೋನು ಇರುವ ಸ್ಥಳದ ಗುರುತು. ಇದು ಕಂಪನಿಯ ಒಳಗೇ ಉಳಿಯುವ ದತ್ತಾಂಶ. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೆಟಾ ಕಂಪನಿಯ ಸಂಶೋಧಕರು ಮತ್ತು ಜನಸಂಖ್ಯಾಶಾಸ್ತ್ರಜ್ಞ ಗೈ ಏಬಲ್ ಅವರು ಸುಮಾರು 300 ಕೋಟಿ ಬಳಕೆದಾರರ ದತ್ತಾಂಶದಿಂದ 181 ದೇಶಗಳ ನಡುವಿನ ವಲಸೆಯನ್ನು ಲೆಕ್ಕ ಹಾಕಿದರು. 2022ರಲ್ಲಿ 3.91 ಕೋಟಿ ಮಂದಿ ದೇಶ ಬದಲಿಸಿದರೆಂಬುದು ಅವರ ಅಂದಾಜು. ಒಂದು ವರ್ಷದ ಹೆಚ್ಚಿನ ಭಾಗ ಒಂದು ದೇಶದಲ್ಲಿದ್ದು, ಮುಂದಿನ ವರ್ಷದ ಹೆಚ್ಚಿನ ಭಾಗ ಇನ್ನೊಂದರಲ್ಲಿ ಕಳೆದವರನ್ನು ಮಾತ್ರ ಅವರು ವಲಸೆಗಾರರೆಂದು ಪರಿಗಣಿಸಿದ್ದಾರೆ.

ಮೈಸೂರಿನಲ್ಲಿ ಯಾರು ಕಾಣುತ್ತಾರೆ, ಯಾರು ಕಾಣುವುದಿಲ್ಲ

ಈ ವಿಧಾನಗಳನ್ನು ಮೈಸೂರಿಗೆ ಅನ್ವಯಿಸಿದರೆ ಮೊದಲು ಎದುರಾಗುವುದು ಇನ್ಫೋಸಿಸ್ ಸಂಸ್ಥೆಯ ಹೆಬ್ಬಾಳದ ತರಬೇತಿ ಕೇಂದ್ರ. ಏಕಕಾಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ತರಬೇತಿ ನೀಡಬಲ್ಲ ಈ ಕೇಂದ್ರಕ್ಕೆ ದೇಶದ ಎಲ್ಲ ಭಾಗಗಳಿಂದ ಯುವಕ ಯುವತಿಯರು ಬಂದು, ಕೆಲವು ತಿಂಗಳ ನಂತರ ಬೇರೆ ನಗರಗಳಿಗೆ ತೆರಳುತ್ತಾರೆ. ಇವರೆಲ್ಲರೂ ಜಾಲತಾಣಗಳ ನಿತ್ಯ ಬಳಕೆದಾರರು. ಒಂದು ತಂಡ ಬಂದಾಗ ಮೈಸೂರಿಗೆ ವಲಸೆ ಏರಿದಂತೆಯೂ, ತಂಡ ಹೊರಟಾಗ ಇಳಿದಂತೆಯೂ ಕಾಣಬಹುದು. ಪಕ್ಕದ ರಸ್ತೆಯ ಯಂತ್ರಭಾಗ ತಯಾರಿಕೆಯ ಘಟಕಕ್ಕೆ ಇದರಿಂದ ಒಬ್ಬ ಕೆಲಸಗಾರನೂ ಹೆಚ್ಚಾಗುವುದಿಲ್ಲ, ಕಡಿಮೆಯಾಗುವುದಿಲ್ಲ.

ಎರಡನೆಯದು ದಸರಾ. ಆ ದಿನಗಳಲ್ಲಿ ನಗರದಲ್ಲಿರುವ ಫೋನುಗಳ ಸಂಖ್ಯೆ ಏರುವುದು ಸಹಜ. ಆದರೆ ಬಂಗಾಳದ ದುರ್ಗಾಪೂಜೆಯೂ ಅದೇ ದಿನಗಳಲ್ಲಿ ಬರುತ್ತದೆ. ಅದರ ಬೆನ್ನಿಗೇ ದೀಪಾವಳಿ, ದೀಪಾವಳಿಯಾದ ಆರನೆಯ ದಿನಕ್ಕೆ ಬಿಹಾರದ ಛಠ್ ಹಬ್ಬ. ಜಾಲತಾಣದ ಲೆಕ್ಕದಲ್ಲಿ ಊರು ತುಂಬಿ ತುಳುಕುವಾಗಲೇ ಕಾರ್ಖಾನೆಯ ಪಾಳಿ ಬರಿದಾಗಿರಬಹುದು.

ಮೂರನೆಯದು ದಿನವೂ ಓಡಾಡುವವರು. ಮಂಡ್ಯ, ನಂಜನಗೂಡು, ಚಾಮರಾಜನಗರಗಳಿಂದ ರೈಲು ಮತ್ತು ಬಸ್ಸಿನಲ್ಲಿ ಬಂದು ಸಂಜೆ ಮರಳುವವರು ವಲಸೆಗಾರರಲ್ಲ. ಆದರೆ ಕಾರ್ಮಿಕ ಬಲದ ದೊಡ್ಡ ಭಾಗ ಅವರೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಪ್ರಯಾಣದ ಹೊತ್ತನ್ನು ಇಳಿಸಿದ್ದರಿಂದ, ಮೈಸೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ ಎಂಬುದೂ ಸಾಧ್ಯವಾಗಿದೆ. ಈಗಿನ ಊರು ಯಾವುದೆಂಬ ಪ್ರಶ್ನೆಗೆ ಇಂತಹವರಲ್ಲಿ ಒಂದೇ ಉತ್ತರವಿಲ್ಲ.

ಇನ್ನು ಕಾಣದೆ ಉಳಿಯುವವರು. ಎಚ್.ಡಿ. ಕೋಟೆಯ ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಹೋಗುವ ಕೂಲಿಗಳು, ಮನೆಗೊಂದೇ ಫೋನು ಇರುವ ಕುಟುಂಬಗಳು, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಸಂಸಾರ ಸಮೇತ ಬರುವವರು ಈ ದತ್ತಾಂಶದಲ್ಲಿ ವಿರಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಮ್ಮೆಯಾದರೂ ಅಂತರ್ಜಾಲ ಬಳಸಿದವರು ಗಂಡಸರಲ್ಲಿ ಶೇ. 57.1 ಇದ್ದರೆ ಹೆಂಗಸರಲ್ಲಿ ಶೇ. 33.3 ಮಾತ್ರ. ಅಗರಬತ್ತಿ, ಸಿದ್ಧ ಉಡುಪು ಮುಂತಾದ ಹೆಂಗಸರೇ ಹೆಚ್ಚಾಗಿ ದುಡಿಯುವ ಉದ್ಯಮಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಜೊತೆಗೆ ಒಬ್ಬನಿಗೇ ಎರಡು ಖಾತೆ ಇರುವುದೂ ಉಂಟು. ತನ್ನ ಬಳಕೆದಾರರ ಲೆಕ್ಕದಲ್ಲಿ ಸುಮಾರು ಶೇ. 11ರಷ್ಟು ಎರಡೆರಡು ಖಾತೆಗಳು, ಶೇ. 5ರಷ್ಟು ಸುಳ್ಳು ಖಾತೆಗಳು ಇರಬಹುದೆಂದು ಫೇಸ್‌ಬುಕ್ ಕಂಪನಿಯೇ 2019ರ ವಾರ್ಷಿಕ ವರದಿಯಲ್ಲಿ ಹೇಳಿತ್ತು.

ತಪ್ಪುವ ತಕ್ಕಡಿಯನ್ನು ಬಳಸುವ ಬಗೆ

ಇಷ್ಟು ದೋಷಗಳಿರುವ ಅಳತೆಯಿಂದ ಏನು ಪ್ರಯೋಜನ? ವ್ಯಾಪಾರಿಗಳಿಗೆ ಇದರ ಉತ್ತರ ಕಷ್ಟವೇನಲ್ಲ. ಕೆ.ಜಿ.ಗೆ ಸದಾ 50 ಗ್ರಾಂ ಕಡಿಮೆ ತೋರಿಸುವ ತಕ್ಕಡಿಯನ್ನು ಪರೀಕ್ಷಿತ ತೂಕದ ಬಟ್ಟಿನೊಡನೆ ಹೋಲಿಸಿ ಸರಿಪಡಿಸಿಕೊಳ್ಳಬಹುದು. ಒಂದು ದಿನ 50, ಮರುದಿನ 200 ಗ್ರಾಂ ತಪ್ಪುವ ತಕ್ಕಡಿ ಮಾತ್ರ ನಿರುಪಯೋಗಿ. ಜಾಲತಾಣದ ದತ್ತಾಂಶವೂ ಹಾಗೆಯೇ. ಅದು ತೋರಿಸುವ ಸಂಖ್ಯೆಯನ್ನು ನಂಬದೆ, ತಿಂಗಳಿಂದ ತಿಂಗಳಿಗೆ ಆಗುವ ಬದಲಾವಣೆಯನ್ನು ಗಮನಿಸಬೇಕು. ಆಗಾಗ ಪರೀಕ್ಷಿತ ಬಟ್ಟಿನೊಡನೆ ತೂಗಿ ನೋಡಬೇಕು. ಕಾರ್ಖಾನೆಯಲ್ಲಿ ಆ ಬಟ್ಟು ಹಾಜರಿ ಪುಸ್ತಕ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಒಂದು ಪ್ರದೇಶದ ಹತ್ತು ಘಟಕಗಳ ಹಾಜರಿ ಪುಸ್ತಕಗಳಲ್ಲಿ ಜೂನ್ ತಿಂಗಳಲ್ಲಿ ಹೊರರಾಜ್ಯದ 400 ಕಾರ್ಮಿಕರಿದ್ದಾರೆ. ಅದೇ ತಿಂಗಳು ಜಾಹೀರಾತು ಸಾಧನವು ಆ ಪ್ರದೇಶದ ಸುತ್ತ ಹಿಂದಿ ಮತ್ತು ಬಂಗಾಳಿ ಬಳಸುವ 18ರಿಂದ 40 ವಯಸ್ಸಿನ ಗಂಡಸರು 2,000 ಎಂದು ತೋರಿಸುತ್ತದೆ. ಅಂದರೆ ಐದಕ್ಕೆ ಒಂದರ ಅನುಪಾತ. ಆಗಸ್ಟ್‌ನಲ್ಲಿ ಸಾಧನದ ಸಂಖ್ಯೆ 1,800ಕ್ಕೆ ಇಳಿದರೆ, ಘಟಕಗಳಲ್ಲಿ 360 ಮಂದಿ ಇರಬೇಕೆಂದು ಅಂದಾಜು. ಹಾಜರಿ ಪುಸ್ತಕವು 355 ಎಂದರೆ ತಕ್ಕಡಿ ನೆಟ್ಟಗಿದೆ. ಜನರು ಊರಿಗೆ ಹೋಗಿದ್ದಾರೆ ಎಂದರ್ಥ.

ನಂತರದ ಫೆಬ್ರುವರಿಯಲ್ಲಿ ಸಾಧನವು 1,900 ಎಂದು ತೋರಿಸಿ, ಹಾಜರಿ ಪುಸ್ತಕದಲ್ಲಿ 300 ಮಂದಿ ಮಾತ್ರ ಉಳಿದಿದ್ದಾರೆ ಎಂದಿಟ್ಟುಕೊಂಡರೆ, ಅದರ ಅರ್ಥ ಬೇರೆ. ನಿರೀಕ್ಷೆಯ 380ರಲ್ಲಿ 80 ಮಂದಿ ಇಲ್ಲ, ಆದರೆ ಪ್ರದೇಶದಲ್ಲಿ ಜನ ಇದ್ದಾರೆ. ತರಬೇತಿ ತಂಡ, ಹಬ್ಬ ಮುಂತಾದ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಅವರು ಊರಿಗೆ ಹೋಗದೆ ನೆರೆಯ ಕಾರ್ಖಾನೆಗೋ ಕಟ್ಟಡ ಕೆಲಸಕ್ಕೋ ಸೇರಿರಬಹುದೆಂದು ಶಂಕಿಸಲು ಆಧಾರವಿದೆ.

ಎರಡೂ ಲೆಕ್ಕಗಳು ಒಟ್ಟಿಗೆ ಇಳಿದರೆ ಅದು ವಲಸೆ ಮತ್ತು ಋತುಮಾನದ ಪ್ರಶ್ನೆ. ಆರ್ಡರುಗಳ ದಿನಾಂಕ ಹೊಂದಿಸಿಕೊಂಡು ಕಾಯಬೇಕು. ಹಾಜರಿ ಪುಸ್ತಕ ಮಾತ್ರ ಇಳಿದರೆ ಅದು ಕೂಲಿ, ಓವರ್‌ಟೈಮ್, ವಸತಿ ಮತ್ತು ನಡತೆಯ ಪ್ರಶ್ನೆ, ಕಾದರೆ ಫಲವಿಲ್ಲ. ‘ಜನ ಸಿಗುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಇರುವ ಈ ಎರಡು ಬೇರೆ ಕಾಯಿಲೆಗಳನ್ನು ಪ್ರತ್ಯೇಕಿಸುವುದೇ ಈ ದತ್ತಾಂಶದಿಂದ ಸಣ್ಣ ಉದ್ಯಮಿಗೆ ಆಗಬಹುದಾದ ಮುಖ್ಯ ಲಾಭ.

ಮೂರು ಎಚ್ಚರಿಕೆಗಳು ಇಲ್ಲಿ ಅಗತ್ಯ. ಜಾಹೀರಾತು ಸಾಧನವು 1,000ಕ್ಕಿಂತ ಕಡಿಮೆ ಇರುವ ಗುಂಪಿನ ನಿಖರ ಸಂಖ್ಯೆಯನ್ನು ಕೊಡುವುದಿಲ್ಲ. ಆದ್ದರಿಂದ ಒಂದೇ ಘಟಕವು ಒಂಟಿಯಾಗಿ ಇದನ್ನು ನಡೆಸಲಾರದು. ಭಾಷೆಯು ತವರಿನ ಖಚಿತ ಗುರುತಲ್ಲ. ಒಡಿಶಾದವನು ಫೋನನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇಟ್ಟುಕೊಂಡಿರಬಹುದು. ಮೂಲಗಳೂ ಶಾಶ್ವತವಲ್ಲ. ಕೋವಿಡ್ ಕಾಲದಲ್ಲಿ ಭಾರತದ ಜಿಲ್ಲಾ ಮಟ್ಟದವರೆಗೆ ಜನಸಂಚಾರವನ್ನು ತೋರಿಸುತ್ತಿದ್ದ ಗೂಗಲ್ ವರದಿಗಳು 2022ರ ಅಕ್ಟೋಬರ್‌ನಲ್ಲಿ ನಿಂತವು. ಟ್ವಿಟರ್ ತನ್ನ ದತ್ತಾಂಶದ ಉಚಿತ ಬಾಗಿಲನ್ನು 2023ರಲ್ಲಿ ಮುಚ್ಚಿತು. ಅನ್ಯರ ಅಂಗಡಿಯ ತಕ್ಕಡಿಯನ್ನೇ ನಂಬಿ ವ್ಯಾಪಾರ ಮಾಡಲಾಗದು.

2012 ಮತ್ತು 2020ರ ಪಾಠಗಳು

2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ಮತ್ತು ಜಾಲತಾಣಗಳ ಮೂಲಕ ಹರಡಿದ ವದಂತಿಗಳಿಂದ ಹೆದರಿ, ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಕೆಲವೇ ದಿನಗಳಲ್ಲಿ ಬೆಂಗಳೂರನ್ನು ಬಿಟ್ಟರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಕೇಂದ್ರ ಸರ್ಕಾರವು ಒಟ್ಟೊಟ್ಟಿಗೆ ಸಂದೇಶ ಕಳುಹಿಸುವುದನ್ನು 15 ದಿನಗಳ ಕಾಲ ನಿರ್ಬಂಧಿಸಿತು. ಹೋದವರಲ್ಲಿ ಅನೇಕರು ಶಾಂತಿ ನೆಲೆಸಿದ ಮೇಲೆ ಮರಳಿದರು. ವರ್ಷದ ಲೆಕ್ಕದಲ್ಲಿ ನೋಡಿದರೆ ಹೋಗಿ ಮರಳಿದವರದು ವಲಸೆಯೇ ಅಲ್ಲ. ದಿನದ ಲೆಕ್ಕದಲ್ಲಿ ನೋಡಿದರೆ ಮಹಾ ನಿರ್ಗಮನ. ಅಳತೆಯ ಅವಧಿ ಬದಲಾದರೆ ಸತ್ಯವೇ ಬೇರೆಯಾಗಿ ಕಾಣುತ್ತದೆ ಎಂಬುದು ಮೊದಲ ಪಾಠ. ಜಾಲತಾಣವು ವಲಸೆಯನ್ನು ಅಳೆಯುವ ಸಾಧನ ಮಾತ್ರವಲ್ಲ, ಕೆಲವೊಮ್ಮೆ ವಲಸೆಯ ಕಾರಣವೂ ಹೌದು ಎಂಬುದು ಎರಡನೆಯದು.

2020ರ ಮೇ 1ರಿಂದ ಓಡಿದ ಶ್ರಮಿಕ ವಿಶೇಷ ರೈಲುಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಮಂದಿ ಊರು ಸೇರಿದರು. ಆ ತಿಂಗಳ ಮೊದಲ ವಾರದಲ್ಲಿ ಕರ್ನಾಟಕ ಸರ್ಕಾರವು ಕಟ್ಟಡ ನಿರ್ಮಾಣಗಾರರ ಜೊತೆಗಿನ ಸಭೆಯ ನಂತರ ಈ ರೈಲುಗಳನ್ನು ರದ್ದುಪಡಿಸಿ, ಟೀಕೆ ಬಂದ ಮೇಲೆ ಮತ್ತೆ ಆರಂಭಿಸಿತು. ಕಾರ್ಮಿಕರನ್ನು ತಡೆದು ನಿಲ್ಲಿಸುವುದರಿಂದ ಉದ್ಯಮ ಉಳಿಯುವುದಿಲ್ಲ. ಆ ಅನುಭವದ ನಂತರವೇ, 2021ರ ಆಗಸ್ಟ್‌ನಲ್ಲಿ, ಅಸಂಘಟಿತ ಕಾರ್ಮಿಕರ ನೋಂದಣಿಗಾಗಿ ಇ-ಶ್ರಮ್ ವ್ಯವಸ್ಥೆ ಬಂದಿತು. ಕಾರ್ಮಿಕ ಎಲ್ಲಿಂದ ಬಂದವನೆಂದು ತಿಳಿದಿಟ್ಟುಕೊಳ್ಳಬೇಕಾದದ್ದು ಅವನನ್ನು ಕಟ್ಟಿಹಾಕಲು ಅಲ್ಲ. ಕಷ್ಟ ಬಂದಾಗ ಕೂಲಿ, ಪಡಿತರ, ಪ್ರಯಾಣಗಳಿಗೆ ನೆರವಾಗಲು ಮತ್ತು ಅವನು ಮರಳುವಂತೆ ಮಾಡಲು.

ಸಣ್ಣ ಘಟಕಗಳು ಕೈಗೊಳ್ಳಬಹುದಾದ ಕ್ರಮಗಳು

1. ಹಾಜರಿ ಪುಸ್ತಕದಲ್ಲಿ ತವರಿನ ಜಿಲ್ಲೆ, ಸೇರಿದ ದಿನಾಂಕ, ಊರಿಗೆ ಹೋದ ಹಾಗೂ ಮರಳಿದ ದಿನಾಂಕಗಳಿಗೆ ಅಂಕಣಗಳನ್ನು ಸೇರಿಸಬೇಕು. ಎರಡು ವರ್ಷ ಹೀಗೆ ಬರೆದರೆ ಯಾವ ತಿಂಗಳು ಯಾವ ಜಿಲ್ಲೆಯವರು ಹೋಗುತ್ತಾರೆ, ಎಷ್ಟು ದಿನಕ್ಕೆ ಮರಳುತ್ತಾರೆ ಎಂಬುದು ತಾನಾಗಿ ತಿಳಿಯುತ್ತದೆ.

2. ಉತ್ಪಾದನಾ ವೇಳಾಪಟ್ಟಿಯ ಪಕ್ಕದಲ್ಲಿ ಕಾರ್ಮಿಕರ ತವರಿನ ಹಬ್ಬ, ಬಿತ್ತನೆ, ಕೊಯ್ಲು ಮತ್ತು ಚುನಾವಣೆಗಳ ದಿನಾಂಕಗಳನ್ನು ಗುರುತಿಸಿಕೊಳ್ಳಬೇಕು.

3. ಒಂದೇ ಕೈಗಾರಿಕಾ ಪ್ರದೇಶದ ಘಟಕಗಳು ಸಂಘದ ಮೂಲಕ ತಿಂಗಳಿಗೊಮ್ಮೆ ಒಟ್ಟು ಸಂಖ್ಯೆಯನ್ನು ಮಾತ್ರ, ಹೆಸರುಗಳಿಲ್ಲದೆ, ಕಲೆಹಾಕಬೇಕು. ಜಾಹೀರಾತು ಸಾಧನದ ಅಂದಾಜನ್ನು ಪ್ರತಿ ತಿಂಗಳೂ ಒಂದೇ ದಿನ, ಒಂದೇ ಷರತ್ತುಗಳೊಂದಿಗೆ ದಾಖಲಿಸಿ ಇದರೊಡನೆ ಹೋಲಿಸಬೇಕು. ಷರತ್ತು ಬದಲಾದರೆ ಹೋಲಿಕೆ ಕೆಡುತ್ತದೆ.

4. ಕಾರ್ಮಿಕರ ವೈಯಕ್ತಿಕ ಖಾತೆಗಳನ್ನು ಇಣುಕಿ ನೋಡುವುದಾಗಲಿ, ಅವರ ಫೋನಿನ ಸ್ಥಳವನ್ನು ಅರಿವಿಲ್ಲದಂತೆ ಹಿಂಬಾಲಿಸುವುದಾಗಲಿ ಸಲ್ಲದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 250 ಕೋಟಿ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶ ನೀಡಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂಥವು.

5. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯ ಜಾಗಕ್ಕೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತಾ ಸಂಹಿತೆ ಬಂದಿದೆ. ಗುತ್ತಿಗೆದಾರನ ಮೂಲಕವಲ್ಲದೆ ತಾನಾಗಿ ಬಂದವನನ್ನೂ ಅದು ಅಂತರರಾಜ್ಯ ವಲಸೆ ಕಾರ್ಮಿಕನೆಂದು ಪರಿಗಣಿಸುತ್ತದೆ. ಮೇಲೆ ಹೇಳಿದ ಅಂಕಣಗಳಿರುವ ಹಾಜರಿ ಪುಸ್ತಕವು ಈ ಕಾನೂನಿನ ಪಾಲನೆಗೂ ನೆರವಾಗುತ್ತದೆ.

ಜಾಲತಾಣದ ದತ್ತಾಂಶವನ್ನು ಪೂರ್ತಿ ತಿರಸ್ಕರಿಸುವುದೂ ಸರಿಯಲ್ಲ, ಕಣ್ಣುಮುಚ್ಚಿ ಒಪ್ಪುವುದೂ ಸರಿಯಲ್ಲ. ಜನಗಣತಿಯ ಹೊಸ ಕೋಷ್ಟಕಗಳು ಕೈಸೇರಲು ಇನ್ನೂ ಕಾಲವಿದೆ. ಅಲ್ಲಿಯವರೆಗೆ ತನ್ನ ಕಾರ್ಮಿಕರ ಬರುಹೋಗನ್ನು ತಾನೇ ಬರೆದಿಟ್ಟುಕೊಂಡ ಉದ್ಯಮಿಗೆ ಮಾತ್ರ ಹೊರಗಿನ ಯಾವುದೇ ಅಂಕಿಯ ನಿಜವಾದ ಬೆಲೆ ತಿಳಿಯುತ್ತದೆ. ಆ ಬರವಣಿಗೆಯನ್ನು ಆರಂಭಿಸಲು ಯಾವ ಯಂತ್ರವೂ ಬೇಕಿಲ್ಲ. ಹಾಜರಿ ಪುಸ್ತಕದಲ್ಲಿ ಮೂರು ಗೆರೆ ಹೆಚ್ಚಾಗಿ ಎಳೆದರೆ ಸಾಕು.